ಕೆರೆಯ ವಿಷಪಾಚಿ ಮತ್ತು ಅದರ ಮುನ್ಸೂಚನೆ
ಗ್ರಾಮದ ಮುಖಂಡರೂ ಭೂಮಾಲೀಕರೂ ಗಮನಿಸತಕ್ಕ ಸಂಗತಿಗಳು

ಮಳೆಯು ತಡವಾದ ವರ್ಷಗಳಲ್ಲಿ ಕೆರೆಯ ನೀರು ತಗ್ಗಿ, ಗಾಳಿ ಬಿದ್ದು, ಬಿಸಿಲು ಬಲಿತಿರುವಾಗ ನೀರಿನ ಮೇಲೆ ಹಸುರು ಕೆನೆ ಕಟ್ಟುವುದನ್ನು ಬಯಲುಸೀಮೆಯ ರೈತರು ಕಂಡೇ ಇರುವರು. ಸಾಮಾನ್ಯವಾಗಿ ಜನರು ಪಾಚಿ ಕಟ್ಟಿತೆಂದು ಹೇಳಿ ಸುಮ್ಮನಾಗುವುದುಂಟು. ದನಗಳು ಆ ನೀರನ್ನೇ ಕುಡಿಯುತ್ತವೆ. ಹುಡುಗರು ಅದರಲ್ಲಿಯೇ ಈಜುತ್ತಾರೆ. ಆದರೆ ಎಲ್ಲ ಪಾಚಿಯೂ ಒಂದೇ ಜಾತಿಯದಲ್ಲ. ಕೆಲವು ಜಾತಿಗಳಲ್ಲಿ ದನಕರುಗಳನ್ನು ಕೆಲವೇ ತಾಸುಗಳಲ್ಲಿ ಕೊಲ್ಲತಕ್ಕ ವಿಷವಿರುತ್ತದೆ. ಇಂಥ ಪಾಚಿಯು ಯಾವಾಗ ಏಳುವುದೆಂಬುದನ್ನು ಮುಂಚಿತವಾಗಿ ತಿಳಿಸುವ ಶಾಸ್ತ್ರವು ಈಚೆಗೆ ಬಹಳ ಮುಂದುವರಿದಿದೆ. ಡಾಕ್ಟರೇಟ್ ಪದವಿಯನ್ನು ಪಡೆದ ಮೇಲೆಯೂ ಕೆಲವು ವರ್ಷ ಇದೊಂದೇ ವಿಷಯದಲ್ಲಿ ಸಂಶೋಧನೆ ಮಾಡುವ ತರುಣ ವಿದ್ವಾಂಸರು ಅನೇಕ ದೇಶಗಳಲ್ಲಿದ್ದಾರೆ. ಅವರು ಕಂಡುಕೊಂಡ ಸಂಗತಿಗಳಲ್ಲಿ ನಮ್ಮ ಗ್ರಾಮಗಳಿಗೆ ಉಪಯೋಗವಾಗುವುದೆಷ್ಟು, ಗ್ರಾಮಸ್ಥರು ನೆರವಾಗದೆ ಅವರಿಂದ ಆಗದಿರುವುದೆಷ್ಟು, ಇವೆರಡನ್ನೂ ಇಲ್ಲಿ ವಿವರಿಸಲಾಗುವುದು.

ಪಾಚಿಯ ಸ್ವರೂಪ

ವಿಷವುಳ್ಳ ಈ ಗುಂಪಿಗೆ ನೀಲಹಸುರು ಪಾಚಿಯೆಂದು ಹೆಸರು. ನಿಜವಾಗಿ ನೋಡಿದರೆ ಇದು ಸಸ್ಯವಲ್ಲ. ಬಿಸಿಲಿನಿಂದ ಆಹಾರ ಮಾಡಿಕೊಳ್ಳತಕ್ಕ ಒಂದು ಬಗೆಯ ಬ್ಯಾಕ್ಟೀರಿಯ. ಇದರ ಎಲ್ಲ ಜಾತಿಗಳೂ ವೈರಿಗಳೆಂದು ಭಾವಿಸಬಾರದು. ಭತ್ತದ ಗದ್ದೆಯಲ್ಲಿ ಕೆಲವು ಜಾತಿಗಳು ಗಾಳಿಯೊಳಗಿನ ಸಾರಜನಕವನ್ನು ಹಿಡಿದು ಬೆಳೆಗೆ ಒದಗಿಸುವುವೆಂದು ಪಿ. ಕೆ. ಡೇ ಎಂಬ ವಿಜ್ಞಾನಿಯು 1939ರಲ್ಲಿಯೇ ತೋರಿಸಿಕೊಟ್ಟನು. ಕೆರೆಯಲ್ಲಿ ಕೇಡನ್ನುಂಟುಮಾಡುವವುಗಳಲ್ಲಿ ಮುಖ್ಯವಾದುದು ಮೈಕ್ರೋಸಿಸ್ಟಿಸ್ ಎಂಬ ಜಾತಿ. ಇದರ ಕಣಗಳೊಳಗೆ ಗಾಳಿ ತುಂಬಿದ ಸೂಕ್ಷ್ಮ ಚೀಲಗಳಿರುವುದರಿಂದ ನೀರು ನಿಶ್ಚಲವಾದಾಗ ಇದು ಮೇಲಕ್ಕೆ ತೇಲಿಬಂದು ಬಿಸಿಲನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ. ನೀರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಾದಾಗ ಇದರ ಬೆಳವಣಿಗೆ ರಭಸವಾಗುವುದು.

ಇದರ ವಿಷವು ಮುಖ್ಯವಾಗಿ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ದನವು ಮೇವು ಬಿಡುವುದು, ಬಳಲುವುದು, ಭೇದಿಯಾಗುವುದು. ಬೇರೆ ಕೆಲವು ಜಾತಿಗಳ ವಿಷವು ನರಗಳನ್ನು ಹಿಡಿಯುವುದು. ಆಗ ದನವು ನಡುಗಿ, ಕಾಲು ಸೋತು ಬಿದ್ದು, ಬಹು ಬೇಗನೆ ಸಾಯುವುದು. ಈ ಸಂಗತಿಯನ್ನು ಮೊದಲು ಲೋಕದ ವಿಜ್ಞಾನಿಗಳ ಗಮನಕ್ಕೆ ತಂದವನು ಆಸ್ಟ್ರೇಲಿಯದ ಜಾರ್ಜ್ ಫ್ರಾನ್ಸಿಸ್ ಎಂಬಾತನು. ಅಲ್ಲಿಯ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಹಸುರು ಬಣ್ಣದಂತೆ ದಪ್ಪಗಾದ ಕೆನೆಯನ್ನು ಕುಡಿದ ಕುರಿಗಳು ಒಂದರಿಂದ ಎಂಟು ತಾಸುಗಳೊಳಗೂ, ಕುದುರೆಗಳು 8ರಿಂದ 24 ತಾಸುಗಳೊಳಗೂ ಸತ್ತುವೆಂದು ಅವನು 1878ರಲ್ಲಿ ಪ್ರಕಟಿಸಿದನು.

ನೀರು ಹಸುರೇರಲು ಕಾರಣ

ಪಾಚಿಗೆ ಬಿಸಿಲೂ ನೀರೂ ಇದ್ದರೆ ಸಾಲದು, ಗೊಬ್ಬರವೂ ಬೇಕು. ಯಾವ ಗೊಬ್ಬರವೆಂಬುದನ್ನು ಕೆನಡ ದೇಶದ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯು 1973ರಲ್ಲಿ ಆರಂಭಿಸಿದ ಪ್ರಯೋಗದಿಂದ ಸ್ಪಷ್ಟಪಡಿಸಿದನು. ಒಂದು ಸರೋವರದ ನಡುವೆ ಪರದೆಯನ್ನು ಇಳಿಬಿಟ್ಟು ಅದನ್ನು ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕಗಳನ್ನು ಹಾಕಿದರು. ಮತ್ತೊಂದಕ್ಕೆ ಅವೆರಡರೊಡನೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗವು ಹಸುರಾಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು.

ಇದರ ಅರ್ಥವನ್ನು ಭೂಮಾಲೀಕರು ತಮ್ಮ ಲೆಕ್ಕದಿಂದಲೇ ತಿಳಿಯಬಹುದು. 50 ಕಿಲೋ ತೂಕದ ಒಂದು ಡಿ.ಎ.ಪಿ. ಚೀಲದಲ್ಲಿ ಶುದ್ಧ ರಂಜಕವು ಸುಮಾರು 10 ಕಿಲೋ ಇರುತ್ತದೆ. ಹತ್ತು ಎಕರೆ ಹರವು, ಸರಾಸರಿ ಎರಡೂವರೆ ಮೀಟರು ಆಳವುಳ್ಳ ಕೆರೆಯಲ್ಲಿ ಸುಮಾರು 10 ಕೋಟಿ ಲೀಟರು ನೀರು ಹಿಡಿಯುವುದು. ಆ ಚೀಲದ ರಂಜಕವೆಲ್ಲ ಕೆರೆಗೆ ಸೇರಿತೆಂದರೆ ಲೀಟರೊಂದಕ್ಕೆ 100 ಮೈಕ್ರೋಗ್ರಾಂ ಆಗುವುದು. ಲೀಟರಿಗೆ 35 ಮೈಕ್ರೋಗ್ರಾಂ ಮೀರಿದ ನೀರನ್ನು ತಜ್ಞರು ಅತಿಪೋಷಿತವೆಂದು ಗಣಿಸುತ್ತಾರೆ. ಅಂದರೆ ಹೊಲದಲ್ಲಿ ನಿಲ್ಲದೆ ಮಳೆಯೊಡನೆ ಕೊಚ್ಚಿಹೋದ ಒಂದೇ ಚೀಲ ಗೊಬ್ಬರವು ಇಡೀ ಊರಿನ ಕೆರೆಯನ್ನು ಹಸುರಾಗಿಸಲು ಸಾಕು. ಹೀಗೆ ಹೋದುದು ರೈತನ ಹಣವೂ ಹೌದು. ಊರ ಬಚ್ಚಲ ನೀರು, ತಿಪ್ಪೆಯ ರಸ, ಬಟ್ಟೆ ಒಗೆಯುವ ಪುಡಿ ಇವುಗಳಿಂದಲೂ ರಂಜಕವು ಕೆರೆಯನ್ನು ಸೇರುತ್ತದೆ. ವರ್ಷವರ್ಷವೂ ಸೇರಿದ್ದು ಹೂಳಿನಲ್ಲಿ ನಿಂತು, ತಳದ ನೀರಿನಲ್ಲಿ ಆಮ್ಲಜನಕವು ಮುಗಿದಾಗ ತಿರುಗಿ ಮೇಲಕ್ಕೆ ಬರುವುದು.

ಮುಂಚಿತವಾಗಿ ಹೇಳುವ ಬಗೆ

ಕಾರಣಗಳು ಮೊದಲು ಕೂಡಿ ಪಾಚಿಯು ಆಮೇಲೆ ಏಳುವುದಾದುದರಿಂದಲೇ ಮುನ್ಸೂಚನೆಯು ಸಾಧ್ಯವಾಗಿದೆ. ಅಮೆರಿಕದ ಈರೀ ಸರೋವರವು ಇದಕ್ಕೆ ಒಳ್ಳೆಯ ಉದಾಹರಣೆ. ಹೊಲಗಳ ನಡುವೆ ಹರಿದುಬರುವ ಮೌಮೀ ನದಿಯು ಮಾರ್ಚಿಯಿಂದ ಜುಲೈವರೆಗೆ ಎಷ್ಟು ರಂಜಕವನ್ನು ತಂದಿತೆಂದು ಅಳೆದು, ಆ ವರ್ಷದ ಪಾಚಿಯು ಎಷ್ಟು ಬಲವಾಗುವುದೆಂದು ಅಲ್ಲಿಯ ಸರಕಾರದ ಸಂಸ್ಥೆಯು 2012ರಿಂದ ಪ್ರಕಟಿಸುತ್ತ ಬಂದಿದೆ. ಇದು ಹಂಗಾಮಿನ ಮುನ್ಸೂಚನೆ. ಪಾಚಿ ಎದ್ದ ಮೇಲೆ ಅದು ಯಾವ ದಡಕ್ಕೆ ಸರಿಯುವುದೆಂಬುದನ್ನು ಉಪಗ್ರಹದ ಚಿತ್ರ, ಗಾಳಿ, ನೀರಿನ ಸೆಳವು ಇವುಗಳನ್ನು ಕೂಡಿಸಿ ಹೇಳುವುದು ಎರಡನೆಯ ಬಗೆ. ಹಿಂದಿನ ವರ್ಷಗಳ ಅಳತೆಗಳನ್ನು ಗಣಕಯಂತ್ರಕ್ಕೆ ಒದಗಿಸಿ, ಅವುಗಳೊಳಗಿನ ಕ್ರಮವನ್ನು ಅದರಿಂದಲೇ ಹುಡುಕಿಸುವುದು ಮೂರನೆಯದು.

ಒಂದೇ ಬಗೆಯನ್ನು ನೆಚ್ಚಿದರೆ ಸಾಲದೆಂಬುದಕ್ಕೂ ಅದೇ ಸರೋವರವು ಸಾಕ್ಷಿ. 2014ರ ಪಾಚಿಯು 2011ರದಕ್ಕಿಂತ ಚಿಕ್ಕದು. ಆದರೂ ಅದು ಟೊಲೀಡೊ ನಗರಕ್ಕೆ ನೀರೆಳೆಯುವ ಸ್ಥಳದಲ್ಲಿಯೇ ಕೂಡಿದ್ದರಿಂದ, ಆ ವರ್ಷದ ಆಗಸ್ಟ್ ಆರಂಭದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ನಲ್ಲಿಯ ನೀರನ್ನು ಕುಡಿಯದೆ ದಿನಗಳನ್ನು ಕಳೆಯಬೇಕಾಯಿತು. ಕುದಿಸಿ ಕುಡಿಯಿರೆಂದು ಹೇಳುವಂತೆಯೂ ಇರಲಿಲ್ಲ. ಏಕೆಂದರೆ ಕುದಿಸುವುದರಿಂದ ಈ ವಿಷವು ನಾಶವಾಗುವುದಿಲ್ಲ.

ನಮ್ಮ ಸೀಮೆಯ ಸ್ಥಿತಿ

ಈ ವಿಚಾರವು ನಮಗೆ ದೂರದ್ದಲ್ಲ. ಅಫಜಲಪುರ ತಾಲೂಕಿನ ಮಣ್ಣೂರವು ಭೀಮೆಯ ದಡದ ಊರು. ಇದೇ ನದಿಗೆ ಮೇಲ್ಗಡೆ ಸೋಲಾಪುರ ಜಿಲ್ಲೆಯಲ್ಲಿ, 1980ರಲ್ಲಿ ಮುಗಿದ ಉಜನಿ ಜಲಾಶಯವಿದೆ. ಪುಣೆ ಮತ್ತು ಪಿಂಪರಿ ಚಿಂಚವಾಡ ನಗರಗಳ ಹೊಲಸು ನೀರು ನದಿಗಳ ಮೂಲಕ ಅದಕ್ಕೆ ಬಂದು ಸೇರುತ್ತಿರುವುದರಿಂದ ಅದರ ಹಿನ್ನೀರು ಹಸುರೇರುವುದು ಆ ಭಾಗದಲ್ಲಿ ಪ್ರಸಿದ್ಧವಾಗಿದೆ. ಕೆಳಗಡೆ ನಮ್ಮಲ್ಲಿ ಸೊನ್ನದ ಬ್ಯಾರೇಜಿನಂಥ ಕಟ್ಟುಗಳ ಹಿಂದೆ ಬೇಸಗೆಯಲ್ಲಿ ನೀರು ನಿಂತಿರುತ್ತದೆ. ಆಳಂದ ತಾಲೂಕಿನಲ್ಲಿ ಅಮರ್ಜಾ ಜಲಾಶಯವಿದೆ. ನಿಂತ ನೀರು, ಬಿಸಿಲು, ಕಬ್ಬಿನ ಹೊಲದ ಗೊಬ್ಬರ ಈ ಮೂರೂ ಕೂಡುವೆಡೆಯಲ್ಲಿ ಎಚ್ಚರವು ಅವಶ್ಯ.

ಉಪಗ್ರಹವೇ ಎಲ್ಲವನ್ನೂ ನೋಡಿ ಹೇಳಲಿ ಎನ್ನುವವರು ಒಂದು ಸಂಗತಿಯನ್ನು ತಿಳಿಯಬೇಕು. ನೀಲಹಸುರು ಪಾಚಿಯ ಬಣ್ಣವನ್ನು ಪ್ರತ್ಯೇಕವಾಗಿ ಗುರುತಿಸಬಲ್ಲ ಸೆಂಟಿನೆಲ್-3 ಎಂಬ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ 300 ಮೀಟರು ಉದ್ದ, 300 ಮೀಟರು ಅಗಲ, ಅಂದರೆ ಸುಮಾರು 22 ಎಕರೆ. ದೊಡ್ಡ ಜಲಾಶಯಗಳಿಗೆ ಇದು ಸಾಕು. ಆದರೆ ಊರಿನ ಹತ್ತು ಎಕರೆಯ ಕೆರೆಯು ಆ ಒಂದು ಚುಕ್ಕೆಯೊಳಗೆ ಏರಿ, ಹೊಲ, ದಾರಿಗಳೊಡನೆ ಕಲೆತು ಕಾಣದೆ ಹೋಗುವುದು. ಮಳೆಗಾಲದಲ್ಲಿ ಮೋಡವೂ ಅಡ್ಡ ಬರುವುದು. ಆದುದರಿಂದ ಚಿಕ್ಕ ಕೆರೆಗಳನ್ನು ನೋಡಬೇಕಾದ ಕಣ್ಣು ಊರಿನದೇ ಆಗಿರಬೇಕು.

ಕೆರೆಯ ವಹಿ

ಇದಕ್ಕೆ ಹೆಚ್ಚಿನ ಖರ್ಚಿಲ್ಲ. 20 ಸೆಂಟಿಮೀಟರು ಅಗಲದ ಒಂದು ತಗಡಿನ ಬಿಲ್ಲೆಯನ್ನು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು ಬಿಳಿ ಬಣ್ಣ ಬಳಿದು, ಅಡಿಯಲ್ಲಿ ಭಾರ ಕಟ್ಟಿ, ಹತ್ತು ಹತ್ತು ಸೆಂಟಿಮೀಟರಿಗೆ ಗಂಟು ಹಾಕಿದ ಹಗ್ಗದಿಂದ ನೀರಿಗಿಳಿಸಬೇಕು. ಬಿಲ್ಲೆಯು ಕಣ್ಣಿಗೆ ಮರೆಯಾಗುವ ಆಳವೇ ನೀರಿನ ತಿಳಿಯ ಅಳತೆ. ಇಟಲಿಯ ಸೆಕ್ಕಿ ಎಂಬ ಪಾದ್ರಿಯು 1865ರಲ್ಲಿ ಬಳಕೆಗೆ ತಂದ ಈ ಉಪಾಯವನ್ನು ವಿಜ್ಞಾನಿಗಳು ಇಂದಿಗೂ ಬಿಟ್ಟಿಲ್ಲ. ವಾರಕ್ಕೊಮ್ಮೆ, ಒಂದೇ ಸ್ಥಳದಲ್ಲಿ, ನಡುಹಗಲಿನಲ್ಲಿ ಅಳೆದು ಕೆಳಗಿನವುಗಳನ್ನು ವಹಿಯಲ್ಲಿ ಬರೆಯಿಸತಕ್ಕದ್ದು:

1. ತಾರೀಖು, ಬಿಲ್ಲೆ ಮರೆಯಾದ ಆಳ, ನೀರಿನ ಉಷ್ಣತೆ.
2. ತೂಬಿನ ಬಳಿ ನೀರಿನ ಮಟ್ಟ.
3. ಆ ವಾರದ ಮಳೆ. ಗಾಳಿ ಬೀಸಿದ ದಿಕ್ಕು.
4. ನೀರಿನ ಬಣ್ಣ, ವಾಸನೆ. ಮೀನು ಸತ್ತಿದ್ದರೆ ಅದು.
5. ಕೆರೆಯ ಮೇಲ್ಗಡೆಯ ಹೊಲಗಳಲ್ಲಿ ಗೊಬ್ಬರ ಹಾಕಿದ ದಿನ.

ಮಳೆಯಿಲ್ಲದೆ, ಮಣ್ಣುನೀರು ಬಾರದೆ, ಬಿಲ್ಲೆಯು ವಾರದಿಂದ ವಾರಕ್ಕೆ ಮೇಲೆಯೇ ಮರೆಯಾಗುತ್ತ ಬಂದರೆ ಪಾಚಿಯು ಹೆಚ್ಚುತ್ತಿದೆಯೆಂದು ತಿಳಿಯಬೇಕು. ಕೆನೆ ಕಟ್ಟುವ ಮೊದಲೇ ದೊರೆಯುವ ಎಚ್ಚರಿಕೆ ಇದು. ಇಂಥ ಲೆಕ್ಕವು ನಾಲ್ಕಾರು ವರ್ಷದ್ದು ಕೂಡಿದರೆ ಸಂಶೋಧಕರಿಗೂ ಅಮೂಲ್ಯ. ಹಳೆಯ ಅಳತೆಗಳಿಲ್ಲದೆ ಅವರ ಗಣಕಯಂತ್ರಕ್ಕೆ ಕಲಿಯಲು ಏನೂ ಇರುವುದಿಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ನಮ್ಮ ಕೆರೆಗಳ ವಹಿಗಳು ಅಲ್ಲಿಯ ಅಭ್ಯಾಸಿಗಳ ಕೈಗೆ ಸಿಕ್ಕುವಂತಾಗಲಿ.

ಹಸುರು ಕಂಡಾಗ

ಮೊದಲು ಕೋಲಿನಿಂದ ಎತ್ತಿ ನೋಡತಕ್ಕದ್ದು. ಕೂದಲಿನಂತೆ ಎಳೆಯಾಗಿ ಕೋಲಿಗೆ ಜೋತರೆ ಅದು ಸಾಮಾನ್ಯವಾಗಿ ವಿಷವಿಲ್ಲದ ಹಸುರು ಪಾಚಿ. ಬಣ್ಣ ಬಳಿದಂತೆ ಕೋಲಿಗೆ ಅಂಟಿದರೆ ನೀಲಹಸುರು ಪಾಚಿಯೆಂದು ಸಂಶಯಪಡಬೇಕು. ಅದರಲ್ಲಿ ವಿಷವಿದೆಯೋ ಇಲ್ಲವೋ ಕಣ್ಣಿನಿಂದ ಹೇಳಲು ಬಾರದು. ಪರೀಕ್ಷೆಯಾಗುವ ತನಕ ಇದೆಯೆಂದೇ ನಡೆಯುವುದು ಲೇಸು. ದನಕರುಗಳನ್ನು ಬಾವಿ, ಕೊಳವೆಬಾವಿಗಳ ನೀರಿಗೆ ತಿರುಗಿಸಬೇಕು. ಪಡುವಣ ಗಾಳಿ ಬೀಸುತ್ತಿದ್ದರೆ ಕೆನೆಯು ಮೂಡಣ ದಡಕ್ಕೆ ಕೂಡುವುದು; ಆ ದಡಕ್ಕೆ ಕುರಿಗಾಹಿಗಳೂ ಹುಡುಗರೂ ಹೋಗದಂತೆ ಡಂಗುರ ಹೊಯ್ಸಬೇಕು. ದನ ಬಳಲಿದರೆ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು. ಈ ವಿಷಕ್ಕೆ ನೇರವಾದ ಮದ್ದಿಲ್ಲದ ಕಾರಣ ನೀರನ್ನು ತಪ್ಪಿಸುವುದೇ ಮುಖ್ಯ ಚಿಕಿತ್ಸೆ.

ಕೆನೆಗಟ್ಟಿದ ಕೆರೆಗೆ ಮೈಲುತುತ್ತವನ್ನು ಸುರಿಯುವುದು ಸರ್ವಥಾ ಕೂಡದು. ಅದರಿಂದ ಪಾಚಿಯು ಸತ್ತು ಒಡೆದು, ಒಳಗಿದ್ದ ವಿಷವೆಲ್ಲ ಒಮ್ಮೆಲೆ ನೀರಿಗೆ ಬರುವುದು. 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ಹೀಗೆ ಮಾಡಿದ ಮೇಲೆ ಆ ಕಟ್ಟೆಯ ನೀರು ಕುಡಿದ 148 ಜನರು ಕಾಯಿಲೆ ಬಿದ್ದರು. ಅವರಲ್ಲಿ ಹೆಚ್ಚಿನವರು ಮಕ್ಕಳು.

ಉಪಸಂಹಾರ

ಮುನ್ಸೂಚನೆಯಿಂದ ರೋಗವು ತಿಳಿಯುವುದೇ ಹೊರತು ಮಾಯವಾಗುವುದಿಲ್ಲ. ಮಣ್ಣಿನ ಪರೀಕ್ಷೆ ಮಾಡಿಸಿ ಬೇಕಾದಷ್ಟೇ ರಂಜಕದ ಗೊಬ್ಬರ ಹಾಕುವುದು, ಅದನ್ನು ಮೇಲೆ ಎರಚದೆ ಮಣ್ಣಿನೊಳಗೆ ಸೇರಿಸುವುದು, ಹೊಲದ ಬದುಗಳನ್ನು ಗಟ್ಟಿ ಮಾಡುವುದು, ಊರ ಬಚ್ಚಲನ್ನು ಕೆರೆಗೆ ಬಿಡದಿರುವುದು, ಬೇಸಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕುವುದು, ಇವೇ ನಿಜವಾದ ಪರಿಹಾರಗಳು. ಕೆರೆಗೆ ವಿಷವಾಗುವ ರಂಜಕವೇ ಹೊಲಕ್ಕೆ ಸಾರ. ಹೂಳು ಹೊಡೆಯುವ ಪದ್ಧತಿಯನ್ನು ನಮ್ಮ ಹಿರಿಯರು ಹೊಲದ ಹಿತಕ್ಕಾಗಿ ನಡೆಸಿಕೊಂಡು ಬಂದರು. ಅದರಿಂದ ಕೆರೆಯ ಹಿತವೂ ಆಗುವುದೆಂದು ಈಗ ತಿಳಿದುಬಂದಿದೆ. ಈ ಹಂಗಾಮಿನಲ್ಲಿಯೇ ಪ್ರತಿ ಗ್ರಾಮದ ಮುಖಂಡರು ಒಂದು ಬಿಲ್ಲೆಯನ್ನೂ ಒಂದು ವಹಿಯನ್ನೂ ಸಿದ್ಧಪಡಿಸಿ, ಬರೆಯಬಲ್ಲ ಒಬ್ಬ ತರುಣನಿಗೆ ಈ ಕೆಲಸವನ್ನು ಒಪ್ಪಿಸಬೇಕು.