ಬೇಸಗೆಯ ಒರತೆಯನ್ನು ಅಳೆದು ನೋಡಿರಿ



ಆಷಾಢದ ಮಳೆಯಲ್ಲಿ ಸಕಲೇಶಪುರ, ಆಲೂರು ಗುಡ್ಡಗಳ ಊರುಗಳಲ್ಲಿ ನೀರಿನ ಯೋಜನೆಯ ಮಾತೆತ್ತಿದರೆ ಯಾರಾದರೂ ನಕ್ಕಾರು. ಹೇಮಾವತಿ ಕೆಂಪಾಗಿ ತುಂಬಿ ಹರಿಯುತ್ತಿರುತ್ತಾಳೆ. ಏಪ್ರಿಲ್ ಬಂತೆಂದರೆ ಕೊಡ ಹಿಡಿದು ಒರತೆಯ ಬಳಿ ಕಾಯುವುದುಂಟು. ಆದುದರಿಂದ ಊರಿನ ನೀರಿನ ಲೆಕ್ಕವನ್ನು ಬೇಸಗೆಯಲ್ಲಿಯೇ ಹಾಕತಕ್ಕದ್ದು.

ಅಳೆಯುವುದು ಸುಲಭ. ಒರತೆಯ ದಬ್ಬೆಯ ಕೆಳಗೆ 20 ಲೀಟರಿನ ಬಕೆಟ್ಟು ಹಿಡಿದು ಗಡಿಯಾರ ನೋಡಿರಿ. ಒಂದು ನಿಮಿಷದಲ್ಲಿ ತುಂಬಿದರೆ ದಿನಕ್ಕೆ 28,800 ಲೀಟರ್ ಆಯಿತು. ತಲೆಗೆ ದಿನಕ್ಕೆ 55 ಲೀಟರ್ ಎಂಬುದು 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ಅಳತೆ. ಆ ಪ್ರಕಾರ ಇದು ಸುಮಾರು 520 ಜನರಿಗೆ ಸಾಕು. ಅದೇ ಬಕೆಟ್ಟು ಏಪ್ರಿಲ್‌ನಲ್ಲಿ ತುಂಬಲು ನಾಲ್ಕು ನಿಮಿಷ ಹಿಡಿದರೆ 130 ಜನರಿಗೆ ಮಾತ್ರ. ಅದೂ ರಾತ್ರಿ ಹರಿಯುವ ನೀರನ್ನೆಲ್ಲ ತೊಟ್ಟಿಯಲ್ಲಿ ಹಿಡಿದಿಟ್ಟರೆ! ದನಕರುಗಳ ಲೆಕ್ಕ ಬೇರೆ.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹೂಮಳೆ ತಡವಾದರೆ ಕಾಫಿ ತೋಟಕ್ಕೆ ಹಳ್ಳದಿಂದಲೇ ಪಂಪು ಹಚ್ಚುತ್ತೇವಷ್ಟೆ. ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1 ಲಕ್ಷ ಲೀಟರ್. ಅಂದರೆ 1,800 ಜನರ ಒಂದು ದಿನದ ನೀರು. ತೋಟಕ್ಕೆ ಬೇಡವೆಂದಲ್ಲ. ಮಳೆಗಾಲದಲ್ಲಿಯೇ ತಗ್ಗಿನಲ್ಲಿ ಕೆರೆ ತೋಡಿ ತುಂಬಿಸಿಕೊಂಡವರು ಆಗ ಹಳ್ಳವನ್ನು ಬರಿದು ಮಾಡಬೇಕಾಗುವುದಿಲ್ಲ.

ಒರತೆಯ ಮೇಲಿನ ಕಾಡನ್ನು ಕಡಿಯಬೇಡಿರಿ. ತೋಟದ ಸಾಲುಗಳ ನಡುವಣ ತೊಟ್ಟಿಲು ಗುಂಡಿಗಳಲ್ಲಿ ಮಳೆನೀರು ಇಂಗುತ್ತದೆ; ಆದರೆ ಕುಸಿಯುವಂಥ ಕಡಿದಾದ ಇಳಿಜಾರಿನಲ್ಲಿ ಅವು ಬೇಡ.

ಮೂರು ಬೇಸಗೆ ಅಳೆದು, ತಾರೀಖಿನೊಡನೆ ಬರೆದಿಟ್ಟು, ಹೊಸ ಕೊಳವೆ ಹಾಕುವ ಮುನ್ನ ಗ್ರಾಮಸಭೆಯ ಮುಂದಿಡಿರಿ.