ಕೋಶದ ಬಾಗಿಲು ಕಾಯುವ ಪೊರೆ

ಬೇಸಗೆ ಬಂತೆಂದರೆ ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ಸಂಭ್ರಮ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರಸಿ ಭರಣಿಯಲ್ಲಿಟ್ಟರೆ ಮರುದಿನ ಹೋಳುಗಳು ಮುದುಡಿ, ತಳದಲ್ಲಿ ನೀರು ನಿಂತಿರುತ್ತದೆ. ಯಾರೂ ನೀರು ಸುರಿದಿಲ್ಲ. ಹಾಗಾದರೆ ಅದು ಬಂದುದೆಲ್ಲಿಂದ? ಅದೇ ಬೇಸಗೆಯಲ್ಲಿ ವಾಂತಿಭೇದಿಯಾದ ಕೂಸಿನ ಕಣ್ಣು ಗುಳಿಬಿದ್ದು, ನಾಲಗೆ ಒಣಗಿ, ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಒದಗುವುದೂ ಉಂಟು. ಭರಣಿಗೂ ಕೂಸಿಗೂ ಏನು ಸಂಬಂಧ? ಎರಡು ಕಡೆಯೂ ನೀರಿನ ಹೋಗುಬರವನ್ನು ಆಳುವುದು ಒಂದೇ ವಸ್ತು: ಜೀವಕೋಶದ ಪೊರೆ.

ಬೀದರ ಕೋಟೆಯನ್ನು ಕಂಡವರಿಗೆ ಈ ಪೊರೆಯ ಕೆಲಸವನ್ನು ಊಹಿಸುವುದು ಕಷ್ಟವಲ್ಲ. ಕೋಟೆಯ ಗೋಡೆ ಎಲ್ಲರನ್ನೂ ತಡೆಯುತ್ತಿತ್ತು. ಷರ್ಜಾ ದರವಾಜೆ, ಗುಂಬಜ್ ದರವಾಜೆಗಳು ಬೇಕಾದವರನ್ನಷ್ಟೇ ಒಳಬಿಡುತ್ತಿದ್ದುವು. ಆದರೆ ಕೋಶದ ಪೊರೆ ಕಲ್ಲಿನದಲ್ಲ, ಎಣ್ಣೆಯಂತೆ ಹರಿದಾಡುವಂಥದು. ಅದರ ಮೈಯ ದಪ್ಪ ಸುಮಾರು 5 ನ್ಯಾನೋಮೀಟರು, ಎಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು!

ಈ ಪೊರೆಯ ಮುಖ್ಯ ದ್ರವ್ಯ ಫಾಸ್ಫೋಲಿಪಿಡ್ ಎಂಬ ಕೊಬ್ಬು. ಅದರ ಅಣುವಿನ ತಲೆ ನೀರನ್ನು ಬಯಸುತ್ತದೆ. ಎರಡು ಬಾಲಗಳು ನೀರಿನಿಂದ ದೂರ ಸರಿಯುತ್ತವೆ. ಆದುದರಿಂದ ಅಣುಗಳು ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗೆ ಚಾಚಿ, ಎರಡು ಪದರವಾಗಿ ತಾವಾಗಿಯೇ ನಿಲ್ಲುತ್ತವೆ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬವರು ರಕ್ತದ ಕೆಂಪು ಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ನೋಡಿದರು. ಅದು ಕಣಗಳ ಮೈಗಿಂತ ಇಮ್ಮಡಿ ಜಾಗವನ್ನು ಆವರಿಸಿತು. ಪದರಗಳು ಎರಡೆಂದು ಅವರು ತೀರ್ಮಾನಿಸಿದರು. ಅವರ ಅಳತೆಗಳಲ್ಲಿ ದೋಷಗಳಿದ್ದುವು, ನಿರ್ಣಯ ಮಾತ್ರ ಸರಿಯಾಗಿತ್ತು. ಈ ಕೊಬ್ಬಿನ ಹಾಳೆಯಲ್ಲಿ ಪ್ರೋಟೀನುಗಳು ತೇಲಾಡುತ್ತಿರುವ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟರು. ಕೋಶದ ದರವಾಜೆಗಳು ಈ ಪ್ರೋಟೀನುಗಳೇ.

ಆಮ್ಲಜನಕದಂಥ ಸಣ್ಣ ಅಣುಗಳು ಕೊಬ್ಬಿನ ಪದರವನ್ನು ನೇರವಾಗಿ ದಾಟಬಲ್ಲವು. ನೀರು ಹಾಗೆ ನಿಧಾನವಾಗಿ ದಾಟುತ್ತದೆ. ಅದು ವೇಗವಾಗಿ ಹರಿಯಲು ಬೇರೆ ಕಾಲುವೆಗಳಿವೆ. ಇವನ್ನು ಪತ್ತೆಹಚ್ಚಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಲವಣಕ್ಕೆ ಮಾತ್ರ ಅಷ್ಟು ಸುಲಭ ಪ್ರವೇಶವಿಲ್ಲ. ಆದುದರಿಂದಲೇ ಹೊರಗೆ ಉಪ್ಪು ಹೆಚ್ಚಿದಾಗ ಉಪ್ಪು ಒಳಗೆ ಹೋಗುವ ಬದಲು ನೀರು ಹೊರಗೆ ಬರುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಸಸ್ಯಕೋಶಕ್ಕೆ ಪೊರೆಯ ಹೊರಗೊಂದು ಗೋಡೆಯೂ ಇದೆ, ನಿಜ. ಆದರೆ ಅದು ನೀರನ್ನಾಗಲಿ ಉಪ್ಪನ್ನಾಗಲಿ ತಡೆಯದು. ಭರಣಿಯ ರಹಸ್ಯ ಇಷ್ಟೆ.

ಭೌತಶಾಸ್ತ್ರವನ್ನು ಓದಿದ ನಮಗೆ ಇನ್ನೊಂದು ಸೋಜಿಗವಿದೆ. ಪೊರೆಯ ಒಂದು ಪಂಪು ಪ್ರತಿ ಸಲವೂ 3 ಸೋಡಿಯಂ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಹೀಗೆ ಕೂಡಿಟ್ಟ ಅಯಾನುಗಳ ಏರುಪೇರಿನಿಂದ ನರಕೋಶದ ಪೊರೆಯ ಎರಡು ಬದಿಗಳ ನಡುವೆ ಸುಮಾರು 70 ಮಿಲಿವೋಲ್ಟ್ ವಿಭವಾಂತರ ನಿಲ್ಲುತ್ತದೆ. ಅಲ್ಪವೆನ್ನಬೇಡಿ. ಅದನ್ನು 5 ನ್ಯಾನೋಮೀಟರಿನಿಂದ ಭಾಗಿಸಿದರೆ ಮೀಟರಿಗೆ 1 ಕೋಟಿ 40 ಲಕ್ಷ ವೋಲ್ಟ್! ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು.

ಈಗ ಕೂಸಿನ ಬಳಿಗೆ ಬರೋಣ. ಭೇದಿಯಲ್ಲಿ ನೀರೂ ಲವಣವೂ ಹೊರಟುಹೋಗುತ್ತವೆ. ಬರಿಯ ಉಪ್ಪುನೀರನ್ನು ಕುಡಿಸಿದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳದು. ಆದರೆ ಕರುಳಿನ ಪೊರೆಯಲ್ಲಿ ಒಂದು ವಿಶೇಷ ಬಾಗಿಲುಂಟು: ಒಂದು ಗ್ಲೂಕೋಸ್ ಅಣು ಜೊತೆಗಿದ್ದರೆ ಅದು 2 ಸೋಡಿಯಂ ಅಯಾನುಗಳನ್ನು ಒಳಬಿಡುತ್ತದೆ, ಅವುಗಳ ಬೆನ್ನಿಗೆ ನೀರೂ ಬರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಅವರು ಈ ಜೊತೆಗಾರಿಕೆಯನ್ನು ಸೂಚಿಸಿದರು. ಭೇದಿಯಲ್ಲೂ ಈ ಬಾಗಿಲು ಕೆಲಸಮಾಡುತ್ತಲೇ ಇರುವುದು ನಮ್ಮ ಪುಣ್ಯ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಆಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸು, ಅಡಿಗೆಸೋಡಾ ಬೆರಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರವರೆಗೆ ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇಂದು ಓ.ಆರ್.ಎಸ್. ಪೊಟ್ಟಣ ಆರೋಗ್ಯ ಕೇಂದ್ರಗಳಲ್ಲಿ ದೊರೆಯುತ್ತದೆ. ಅದು ಕೈಗೆ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಿ, ಕೂಸಿಗೆ ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಒಯ್ಯಬೇಕು. ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸನ್ನು ಕೊಡುತ್ತದೆ. ಅಳತೆ ಮೀರಬಾರದು, ಉಪ್ಪಾಗಲಿ ಸಕ್ಕರೆಯಾಗಲಿ ಹೆಚ್ಚಾದರೆ ಭರಣಿಯಲ್ಲಿ ಆದಂತೆ ನೀರು ಹೊರಕ್ಕೇ ಹರಿದೀತು. ಪೊರೆಯ ನಿಯಮ ಒಂದೇ. ಅದನ್ನು ತಿಳಿದು ನಡೆದರೆ ಒಂದು ಜೀವ ಉಳಿಯುತ್ತದೆ.