ಸಂಜೆ ಹಸಿವಿಗೆ ಓಟ್ಸ್-ಅಂಜೂರ ಬಾರ್

ಗಾಂಧಿನಗರದ ಓಣಿಯಲ್ಲಿ ಸ್ಕೂಲ್ ಆಟೊ ನಿಂತಿತೆಂದರೆ ಸಾಕು, “ಅಮ್ಮಾ, ತಿನ್ನಾಕ ಏನೈತೆ?” ಎಂಬ ಕೂಗು. ಕೈ ತಾನಾಗಿ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತೆ, ಅಲ್ವೇ? ಅಂಗಡಿಯ ‘ಹೆಲ್ದಿ’ ಬಾರ್ ತರುವ ಮುನ್ನ ಹಿಂಬದಿ ಓದಿ. ಹೆಚ್ಚು ತೂಕದ ಪದಾರ್ಥವನ್ನೇ ಅಲ್ಲಿ ಮೊದಲು ಬರೆದಿರುತ್ತಾರೆ. ಸಕ್ಕರೆ ಮುಂದಿದ್ದರೆ ಅದು ಮಿಠಾಯಿಯೇ!

ಮನೆಯಲ್ಲೇ ಮಾಡಿ ನೋಡಿ. ನಮ್ಮ ಬಳ್ಳಾರಿ ಸೀಮೆಯಲ್ಲೇ ಬೆಳೆಯುವ ಅಂಜೂರ ಇದಕ್ಕೆ ಹೇಳಿಮಾಡಿಸಿದ್ದು.

ಬೇಕಾಗುವುದು: ಓಟ್ಸ್ 2 ಕಪ್, ಬೀಜ ತೆಗೆದ ಖರ್ಜೂರ 1 ಕಪ್, ಒಣ ಅಂಜೂರ 6, ಮಾಗಿದ ಬಾಳೆಹಣ್ಣು 1, ಹುರಿದ ಶೇಂಗಾ ಅರ್ಧ ಕಪ್, ತುಪ್ಪ 3 ಚಮಚ, ಏಲಕ್ಕಿ, ಚಿಟಿಕೆ ಉಪ್ಪು.

ಖರ್ಜೂರ, ಅಂಜೂರವನ್ನು ಅರ್ಧ ಕಪ್ ಬಿಸಿನೀರಲ್ಲಿ 20 ನಿಮಿಷ ನೆನೆಸಿ, ನೀರು ಬಸಿದು ರುಬ್ಬಿ. ಓಟ್ಸ್ ಘಮ್ಮೆನ್ನುವಂತೆ ಹುರಿಯಿರಿ. ಬಾಳೆಹಣ್ಣು ಕಿವುಚಿ, ಶೇಂಗಾ ತರಿಯಾಗಿ ಕುಟ್ಟಿ, ಎಲ್ಲ ಕಲಸಿ. ತುಪ್ಪ ಸವರಿದ ತಟ್ಟೆಯಲ್ಲಿ ಬಿಗಿಯಾಗಿ ಒತ್ತಿ, ಓವನ್‌ನಲ್ಲಿ 170 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿ. ಓವನ್ ಇಲ್ಲವೇ? ದಪ್ಪ ಬಾಣಲೆಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಬಿಡಿ. ಪೂರ್ತಿ ಆರಿದ ಮೇಲೆಯೇ 16 ತುಂಡು ಮಾಡಿ. ಬಿಸಿಯಲ್ಲಿ ಕೊಯ್ದರೆ ಪುಡಿಪುಡಿ.

ನಮ್ಮೂರ ಸೆಕೆಗೆ ಹೊರಗಿಟ್ಟರೆ ಬೇಗ ಕೆಡುತ್ತದೆ. ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ.

ಒಂದು ಕಿವಿಮಾತು: ಸಕ್ಕರೆ ಹಾಕಿಲ್ಲ ಅಂತ ನಾಲ್ಕು ನಾಲ್ಕು ಕೊಡಬೇಡಿ. ಖರ್ಜೂರದಲ್ಲೂ ಸಕ್ಕರೆಯಂಶವಿದೆ. ಮಕ್ಕಳಿಗೆ ಒಂದು ತುಂಡು, ಜೊತೆಗೆ ಒಂದು ಲೋಟ ಹಾಲು ಸಾಕು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಮತ್ತೆ ನೀವೂ ಒಂದು ತಿನ್ನಿ, ಎಲ್ಲರಿಗೂ ಹಂಚಿ ಖಾಲಿ ತಟ್ಟೆ ತೊಳೆಯೋದಷ್ಟೇ ನಿಮ್ಮ ಪಾಲಲ್ಲ!